ಡ್ರಮ್ ತೂಗಿದ್ದು ಸಾಕು, ಒಳಗಿನ ಲೋಹ ತೂಗಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ ಮತ್ತು ಕೈಗಾರಿಕಾ ಇಲಾಖೆಯ ಕಾರ್ಯದರ್ಶಿಗಳಿಗೆ,

ನಮಸ್ಕಾರ.

ನಾನು ಬೀದರ್ ಕಡೆಯವನು. 27 ವರ್ಷ ಔಷಧ ಕಾರ್ಖಾನೆಗಳಲ್ಲಿ ಪ್ರೊಡಕ್ಷನ್ ಕೆಮಿಸ್ಟ್ ಆಗಿದ್ದೆ. ಜಾಸ್ತಿ ಕಾಲ ಕಳೆದಿದ್ದು ಹೈಡ್ರೋಜನೇಷನ್ ಬ್ಲಾಕ್‌ನಲ್ಲಿ, ಅಂದರೆ ರಾಸಾಯನಿಕಕ್ಕೆ ಹೈಡ್ರೋಜನ್ ಸೇರಿಸುವ ವಿಭಾಗದಲ್ಲಿ. ಈಗ ನಿವೃತ್ತ. ಯಾರ ಮೇಲೂ ದೂರು ಕೊಡೋಕೆ ಈ ಪತ್ರ ಬರೆಯುತ್ತಿಲ್ಲ. ನಮ್ಮ ರಿಜಿಸ್ಟರ್‌ಗಳಲ್ಲಿ ಬಳಸಿದ ಕ್ಯಾಟಲಿಸ್ಟ್‌ನ, ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತುವಿನ, ಲೆಕ್ಕ ತಪ್ಪಾಗಿ ಬರುತ್ತಿದೆ: ಡ್ರಮ್ಮಿನ ತೂಕ ಬರೆಯುತ್ತೇವೆ, ಒಳಗಿನ ಬೆಲೆಬಾಳುವ ಲೋಹ ಬರೆಯುವುದಿಲ್ಲ. ನಾನೂ ವರ್ಷಗಟ್ಟಲೆ ಹಾಗೇ ಬರೆದು ಸಹಿ ಹಾಕಿದವನು. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಒಂದು ಡ್ರಮ್ ತೋರಿಸುತ್ತೇನೆ. ನೀಲಿ ಪ್ಲಾಸ್ಟಿಕ್ ಡ್ರಮ್. ಮುಚ್ಚಳ ತೆಗೆದರೆ ಮೇಲೆ ಒಂದು ಬೆರಳಷ್ಟು ನೀರು. ಕೆಳಗೆ ಕಪ್ಪು ಕೆಸರು. ಹಂಚಿನ ತಳದ ಮಸಿಯನ್ನು ನೀರಲ್ಲಿ ಕಲಸಿದ ಹಾಗೆ ಕಾಣುತ್ತೆ. ಸ್ವಲ್ಪ ಮೆಥನಾಲ್ ವಾಸನೆ. ಕೈಗೆ ಹತ್ತಿದರೆ ಉಗುರಿನ ಸಂದಿಯಿಂದ ಹೋಗಲು ಎರಡು ದಿನ ಬೇಕು. ಇದು ಬಳಸಿ ಮುಗಿದ ಪಲ್ಲಾಡಿಯಂ ಕಾರ್ಬನ್, ಅಂದರೆ ಪಲ್ಲಾಡಿಯಂ ಅನ್ನುವ ಅಮೂಲ್ಯ ಲೋಹ ಹಚ್ಚಿದ ಇದ್ದಿಲು ಪುಡಿ. ರಿಜಿಸ್ಟರ್‌ನಲ್ಲಿ ಇದರ ಹೆಸರು ‘ಸ್ಪೆಂಟ್ ಕ್ಯಾಟಲಿಸ್ಟ್, 28.2, ನಲವತ್ತು ಕೆಜಿ’. 28.2 ಅನ್ನುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಪಟ್ಟಿಯಲ್ಲಿ ಔಷಧ ಕಾರ್ಖಾನೆಯ ಕ್ಯಾಟಲಿಸ್ಟ್‌ಗೆ ಕೊಟ್ಟ ನಂಬರ್.

ಅಲ್ಲಿ ಬರೆಯದೇ ಇರುವುದು ಇದು. ನಾವು ಸಾಮಾನ್ಯವಾಗಿ ಕೊಳ್ಳುವ ಪುಡಿಯಲ್ಲಿ ಅರ್ಧ ನೀರೇ ಇರುತ್ತೆ. ಒಣಗಿಸಿ ಕಳಿಸಿದರೆ ಬೆಂಕಿ ಹತ್ತುತ್ತೆ, ಅದಕ್ಕೆ. ಉಳಿದ ಅರ್ಧದಲ್ಲಿ 5 ಪರ್ಸೆಂಟ್ ಪಲ್ಲಾಡಿಯಂ, ಮಿಕ್ಕಿದ್ದು ಇದ್ದಿಲು. ಅಂದರೆ ಒಂದು ಕೆಜಿ ಪುಡಿಗೆ 25 ಗ್ರಾಂ ಲೋಹ. ಬಳಸಿದ ಮೇಲೆ ಕೇಕ್‌ನಲ್ಲಿ, ಅಂದರೆ ಫಿಲ್ಟರ್ ಮೇಲೆ ಉಳಿಯುವ ಮುದ್ದೆಯಲ್ಲಿ, ಬೇರೆ ಕಸವೂ ಸೇರುತ್ತೆ, ನೀರೂ ಹೆಚ್ಚಾಗುತ್ತೆ. ಅದನ್ನೆಲ್ಲ ಕಳೆದು ನೋಡಿದರೂ ಆ ನಲವತ್ತು ಕೆಜಿಯಲ್ಲಿ ಅರ್ಧ ಕೆಜಿ ಪಲ್ಲಾಡಿಯಂ ಇದೆ ಅಂದುಕೊಳ್ಳಿ. 2022ರ ಮಾರ್ಚ್‌ನಲ್ಲಿ ಈ ಲೋಹ ಒಂದು ಔನ್ಸ್‌ಗೆ, ಅಂದರೆ 31 ಗ್ರಾಂಗೆ, 3,000 ಡಾಲರ್ ದಾಟಿತ್ತು. 2024ರಲ್ಲಿ ಒಂದು ಸಾವಿರಕ್ಕಿಂತ ಕೆಳಗೆ ಬಿತ್ತು. ಬಿದ್ದ ಬೆಲೆಯಲ್ಲೇ ಲೆಕ್ಕ ಹಾಕಿದರೂ ಆ ಡ್ರಮ್ ಹತ್ತು ಲಕ್ಷ ರೂಪಾಯಿ ದಾಟುತ್ತೆ. ಅದು ಶೆಡ್ಡಿನ ಮೂಲೆಯಲ್ಲಿ ಹಳೇ ಗೋಣಿಚೀಲದ ಪಕ್ಕ ಕೂತಿರುತ್ತೆ.

ಶಾಲೆಯ ಪುಸ್ತಕದಲ್ಲಿ ಇದಕ್ಕೆ ವೇಗವರ್ಧಕ ಅನ್ನುತ್ತಾರೆ. ತಾನು ಬದಲಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಮಾತು ನಂಬಿಕೊಂಡು ಕಾರ್ಖಾನೆಗೆ ಬಂದರೆ ಮೊದಲ ತಿಂಗಳಲ್ಲೇ ತಿಳಿಯುತ್ತೆ. ಕ್ಯಾಟಲಿಸ್ಟ್ ದಣಿಯುತ್ತೆ. ಗಂಧಕ ಸೇರಿದರೆ ಸಾಯುತ್ತೆ. ನಾವು ಅದನ್ನು ‘ಪಾಯ್ಸನ್ ಆಯ್ತು’ ಅಂತಲೇ ಹೇಳೋದು. ಟಾರ್ ಮೆತ್ತಿಕೊಂಡು ಕುರುಡಾಗುತ್ತೆ. ಒಂದಿಷ್ಟು ಲೋಹ ಕರಗಿ ದ್ರವದ ಜೊತೆ ಹೊರಟೇ ಹೋಗುತ್ತೆ. ಆದರೆ ದಣಿದರೂ, ಸತ್ತರೂ, ಪಲ್ಲಾಡಿಯಂ ಪಲ್ಲಾಡಿಯಮ್ಮೇ. ತೆಗೆದು ಶುದ್ಧ ಮಾಡಿದರೆ ಮತ್ತೆ ಹೊಸದು.

ಹಾಗಿದ್ದರೆ ಯಾಕೆ ತೆಗೆಯುವುದಿಲ್ಲ? ಒಂದು ಕಾರಣ ಭಯ. ನನ್ನ ಕಣ್ಣೆದುರೇ ಆಗಿದ್ದು ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ.

ತೊಂಬತ್ತರ ದಶಕದ ಕೊನೆ, ರಾತ್ರಿ ಪಾಳಿ. ಬ್ಯಾಚ್ ಸೋಸಿ, ಸ್ಪಾರ್ಕ್ಲರ್ ಅನ್ನುವ ಫಿಲ್ಟರ್ ಬಿಚ್ಚಿದ್ದೆವು. ಕೇಕ್ ಅನ್ನು ಟ್ರೇಗೆ ಹಾಕಿ, ನೀರು ಸುರಿದು, ಡ್ರಮ್ಮಿಗೆ ತುಂಬಬೇಕು. ನೀರು ಸುರಿಯುವ ಮೊದಲೇ ಯಾರೋ ಟೀ ಬಂತು ಅಂದರು. ಟ್ರೇ ಫ್ಯಾನಿನ ಕೆಳಗೆ ಮುಕ್ಕಾಲು ಗಂಟೆ ಉಳಿಯಿತು. ವಾಪಸ್ ಬಂದಾಗ ಕೇಕಿನ ಅಂಚು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲೊಂದು ಚುಕ್ಕೆ ಬೀಡಿ ತುದಿಯ ಹಾಗೆ ಕೆಂಪಗೆ ಮಿನುಗುತ್ತಿತ್ತು. ನೋಡುತ್ತಿದ್ದ ಹಾಗೇ ಅಂಚಿನುದ್ದಕ್ಕೂ ಓಡಿತು. ಮೆಥನಾಲ್ ಉರಿ ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣುವುದಿಲ್ಲ. ಹೆಲ್ಪರ್ ಹುಡುಗ ಟ್ರೇ ಎಳೆಯಲು ಕೈ ಹಾಕಿದ. ಉರಿ ಇದೆ ಅಂತ ಗೊತ್ತಾಗಿದ್ದು ಅವನ ಮುಂಗೈ ಕೂದಲು ಸುಟ್ಟ ವಾಸನೆ ಬಂದಾಗ. ಬಕೆಟ್ ನೀರು ಎರಚಿದೆವು, ಆರಿತು. ಅವನ ಕೈ ಮಾಗಲು ಒಂದು ತಿಂಗಳು ಹಿಡಿಯಿತು.

ಮಾರನೇ ದಿನ ಮ್ಯಾನೇಜರ್ ಆರ್ಡರ್: ಇನ್ನು ಮೇಲೆ ಕೇಕ್ ಹೊರಗೆ ತೆಗೆಯುವುದೇ ಬೇಡ, ಫಿಲ್ಟರ್ ಒಳಗೇ ನೀರು ಹೊಡೆದು ಡ್ರೈನ್‌ಗೆ ಬಿಡಿ. ನಾವು ಬಿಟ್ಟೆವು. ಸುಮಾರು ಒಂದು ವರ್ಷ ಬಿಟ್ಟೆವು. ಎಲ್ಲರಿಗೂ ನೆಮ್ಮದಿ ಅನ್ನಿಸಿತ್ತು. ಈಗ ಕೂತು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತೆ. ಆ ಲೋಹವೆಲ್ಲ ಈಟಿಪಿಯ, ಅಂದರೆ ಕಾರ್ಖಾನೆಯ ಕೊಳೆನೀರು ಶುದ್ಧೀಕರಣ ಘಟಕದ, ಕೆಸರು ಸೇರಿತು. ಕೇಕ್ ಅನ್ನು ಟ್ರೇಯಲ್ಲಿ ಬಿಟ್ಟು ಹೋಗಬಾರದು, ಗಾಳಿ ತಾಗದಂತೆ ನೈಟ್ರೋಜನ್ ಅನಿಲದಲ್ಲೇ ತೊಳೆದು, ನೀರಲ್ಲಿ ಕಲಸಿ ನೇರ ಡ್ರಮ್ಮಿಗೆ ಇಳಿಸಬೇಕು, ಅಷ್ಟೇ. ನನಗೆ ಅದನ್ನು ಯಾರಾದರೂ ಕಲಿಸಿದ್ದು ಹತ್ತು ವರ್ಷ ಆದ ಮೇಲೆ, ಬೇರೆ ಕಾರ್ಖಾನೆಯಲ್ಲಿ.

ಇನ್ನೊಂದು ಕಾರಣ ಆಡಿಟ್ ಭಯ. ಬೃಹತ್ ರಾಸಾಯನಿಕ ಮಾಡುವವರು ಕ್ಯಾಟಲಿಸ್ಟ್ ಅನ್ನು ಒಂದೇ ಸಲಕ್ಕೆ ಬಿಸಾಡುವುದಿಲ್ಲ. ಫಿಲ್ಟರ್ ಮಾಡಿ ಮತ್ತೆ ಹಾಕುತ್ತಾರೆ, ಮೇಲೆ ಸ್ವಲ್ಪ ಹೊಸದು ಸೇರಿಸುತ್ತಾರೆ. ಹಳೇ ಸಾರಿಗೆ ಹೊಸ ಬೇಳೆಕಟ್ಟು ಸುರಿದ ಹಾಗೆ. ಔಷಧದವರು ಹೆದರುತ್ತಾರೆ: ‘ಹಳೇ ಕ್ಯಾಟಲಿಸ್ಟ್ ಹಾಕಿದರೆ ಎಫ್‌ಡಿಎಯವರು ಏನಂತಾರೋ.’ ಎಫ್‌ಡಿಎ ಅಂದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ. ಔಷಧ ತಯಾರಿಕೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಕ್ಯೂ7ರಲ್ಲಿ ಮರಳಿ ಪಡೆದ ವಸ್ತುಗಳಿಗೆ ಜಾಗ ಇದೆ. ಒಪ್ಪಿದ ವಿಧಾನ ಇರಬೇಕು, ಗುಣಮಟ್ಟ ತೋರಿಸಬೇಕು. ನಾಲ್ಕು ಬ್ಯಾಚ್ ಹೆಚ್ಚಿಗೆ ಟೆಸ್ಟ್ ಮಾಡುವ ಕೆಲಸ. ಅದಕ್ಕೆ ಸೋಮಾರಿತನ ಮಾಡಿ ನಿಯಮದ ಮೇಲೆ ಹಾಕುತ್ತೇವೆ. ಇದು ನಮ್ಮವರ ತಪ್ಪು, ನಿಮ್ಮದಲ್ಲ.

ಈಗ ತಮಾಷೆ ನೋಡಿ. ಬಿಪಿಗೆ ಕೊಡುವ ಲೊಸಾರ್ಟಾನ್ ಇದೆಯಲ್ಲ, ಅದನ್ನು ಮಾಡುವ ಒಂದು ದಾರಿಯಲ್ಲಿ ಸುಜುಕಿ ಕಪ್ಲಿಂಗ್ ಬರುತ್ತೆ, ಅಂದರೆ ಪಲ್ಲಾಡಿಯಂ ನೆರವಿಂದ ಎರಡು ಅಣು ಜೋಡಿಸುವ ಕ್ರಿಯೆ. 2010ರ ರಸಾಯನಶಾಸ್ತ್ರದ ನೊಬೆಲ್ ಹೆಕ್, ನೆಗಿಶಿ, ಸುಜುಕಿ ಮೂವರಿಗೆ ಬಂದಿದ್ದು ಇಂಥ ಪಲ್ಲಾಡಿಯಂ ಕ್ರಿಯೆಗಳಿಗೇ. ಅಲ್ಲಿ ಲೋಹ ಕರಗಿಯೇ ಇರುತ್ತೆ, ಫಿಲ್ಟರ್‌ಗೆ ಸಿಗುವುದಿಲ್ಲ. ಆದರೆ ಮಾತ್ರೆಯಲ್ಲಿ ಅದು ಉಳಿಯುವಂತಿಲ್ಲ. ಬಾಯಿಂದ ತೆಗೆದುಕೊಳ್ಳುವ ಔಷಧದಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ಪಲ್ಲಾಡಿಯಂ, ಅದಕ್ಕಿಂತ ಹೆಚ್ಚು ಹೋಗಬಾರದು. ಹಾಗಾಗಿ ಇದ್ದಿಲು ಹಾಕಿ, ಇಲ್ಲವೇ ಗಂಧಕ ಕೂಡಿಸಿದ ಸಿಲಿಕಾ ಹಾಕಿ, ಲೋಹವನ್ನೆಲ್ಲ ಹೀರಿಸಿ ತೆಗೆಯುತ್ತೇವೆ. ಲ್ಯಾಬಿನವರು ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅಂತ, ಅಳೆದು ಪಾಸ್ ಮಾಡುತ್ತಾರೆ. ಮಾತ್ರೆ ಕಡೆ ಇಷ್ಟು ಶ್ರದ್ಧೆ. ಹೀರಿಕೊಂಡ ಆ ಇದ್ದಿಲಿನ ಕಡೆ ತಿರುಗಿ ನೋಡುವವರಿಲ್ಲ. ಅದಕ್ಕೆ ಬೇರೆ ನಂಬರ್, 28.3, ಸ್ಪೆಂಟ್ ಕಾರ್ಬನ್. ಸ್ಪೆಂಟ್ ಕಾರ್ಬನ್ ಸಿಮೆಂಟ್ ಗೂಡಿಗೆ ಉರುವಲಾಗಿ ಹೋಗುತ್ತೆ. ಬಣ್ಣ ತೆಗೆಯಲು ಬಳಸಿದ ಇದ್ದಿಲು ಹಾಗೆ ಹೋದರೆ ಒಳ್ಳೆಯದೇ. ಪಲ್ಲಾಡಿಯಂ ಕುಡಿದ ಇದ್ದಿಲೂ ಅದೇ ಲಾರಿ ಹತ್ತಿದರೆ? ಎರಡೂ ಕಪ್ಪು, ಎರಡೂ 28.3. ಲೋಹ ಸಿಮೆಂಟಿನ ಕ್ಲಿಂಕರ್ ಉಂಡೆ ಸೇರಿ ಯಾರದೋ ಮನೆ ಗೋಡೆಯಲ್ಲಿ ಕೂರುತ್ತೆ. ಅಲ್ಲಿಂದ ಅದನ್ನು ಯಾರೂ ತೆಗೆಯಲಾರರು.

ಇದೇ ದೇಶದಲ್ಲಿ ನೈಟ್ರಿಕ್ ಆಸಿಡ್ ಮಾಡುವವರು ಹೇಗೆ ಬದುಕುತ್ತಾರೆ ಅನ್ನುವುದನ್ನೂ ಹೇಳಬೇಕು. ಮಹಾರಾಷ್ಟ್ರ, ಗುಜರಾತಿನಲ್ಲಿ ದೊಡ್ಡ ಘಟಕಗಳಿವೆ. ಅಮೋನಿಯಾ ಮತ್ತು ಗಾಳಿಯನ್ನು ಪ್ಲಾಟಿನಂ-ರೋಡಿಯಂ ಜಾಲರಿಯ ಮೂಲಕ ಹಾಯಿಸುತ್ತಾರೆ. ಜಾಲರಿ ಸೀರೆಯಷ್ಟು ನಯ, 900 ಡಿಗ್ರಿ ಹತ್ತಿರ ಕೆಂಪಗೆ ಹೊಳೆಯುತ್ತಿರುತ್ತೆ. ಆ ಕಾವಿಗೆ ಪ್ಲಾಟಿನಂ ಚೂರು ಚೂರೇ ಆವಿಯಾಗಿ ಹಾರುತ್ತೆ. ಒಂದು ಟನ್ ಆಸಿಡ್‌ಗೆ ಒಂದು ಗ್ರಾಂ ಕೂಡ ಇಲ್ಲ. ಅದನ್ನೂ ಬಿಡುವುದಿಲ್ಲ ಅವರು. ಕೆಳಗೆ ಇನ್ನೊಂದು ಜಾಲರಿ ಹಾಸುತ್ತಾರೆ, ಪಲ್ಲಾಡಿಯಂದು. ಹಾರಿ ಬಂದ ಪ್ಲಾಟಿನಂ ಅದಕ್ಕೆ ಅಂಟುತ್ತೆ. ಸಾಲದು ಅಂತ ಪ್ಲಾಂಟ್ ನಿಂತಾಗ ಪೈಪಿನೊಳಗೆ ಕೂತ ಧೂಳನ್ನೂ ಗುಡಿಸುತ್ತಾರೆ. ಅಕ್ಕಸಾಲಿಗರ ಕೇರಿಯ ಚರಂಡಿ ಮಣ್ಣನ್ನು ಬುಟ್ಟಿಯಲ್ಲಿ ಜಾಲಿಸುವವರನ್ನು ನೋಡಿದ್ದೀರಲ್ವಾ, ಅದೇ ಜಾತಿಯ ಕೆಲಸ. ಬಿಸಿ ಗಾಳಿಯಲ್ಲಿ ತೇಲುವ ಲೋಹ ಹಿಡಿಯುವವರ ಮುಂದೆ ಡ್ರಮ್ಮಿನಲ್ಲಿ ಕೂತ ಲೋಹ ಕಳೆದುಕೊಳ್ಳುವ ನಾವು.

ಅವರಿಗೆ ಆಗುತ್ತೆ, ನಮಗೆ ಯಾಕೆ ಆಗುವುದಿಲ್ಲ ಅಂದರೆ, ಅವರದು ದೊಡ್ಡ ಲೆಕ್ಕ. ಮಂಗಳೂರಿನ ತೈಲ ಶುದ್ಧೀಕರಣ ಘಟಕದಂಥ ಕಡೆ ಕೋಬಾಲ್ಟ್-ಮಾಲಿಬ್ಡಿನಂ, ನಿಕ್ಕಲ್-ಮಾಲಿಬ್ಡಿನಂ ಕ್ಯಾಟಲಿಸ್ಟ್ ಟನ್‌ಗಟ್ಟಲೆ ಬಳಕೆಯಾಗುತ್ತೆ. ಅಷ್ಟಿದ್ದರೆ ಕೊಳ್ಳುವವರು ತಾವಾಗಿ ಬರುತ್ತಾರೆ. ಬೀದರ್‌ನ ಕೊಳಾರ, ಬೆಂಗಳೂರು ಹತ್ತಿರದ ಜಿಗಣಿ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕದಲ್ಲಿ ಮೂರು ತಿಂಗಳಿಗೆ ಒಂದೋ ಎರಡೋ ಡ್ರಮ್. ಲೋಹ ತೆಗೆಯುವ ರಿಫೈನರ್‌ಗೆ ಒಂದು ಲಾಟ್ ಅಂದರೆ ಇಪ್ಪತ್ತು ಕೆಜಿ ಇರಲಿ, ಇನ್ನೂರು ಕೆಜಿ ಇರಲಿ, ಕುಲುಮೆ ಸ್ವಚ್ಛ ಮಾಡುವ ಖರ್ಚು, ಸ್ಯಾಂಪಲ್ ಖರ್ಚು, ಅಸ್ಸೇ ಅಂದರೆ ಲೋಹ ಎಷ್ಟಿದೆ ಅಂತ ಅಳೆಯುವ ಖರ್ಚು ಹೆಚ್ಚು ಕಡಿಮೆ ಒಂದೇ. ಸಣ್ಣ ಲಾಟ್ ಆದರೆ ಖರ್ಚೇ ಲೋಹ ತಿಂದುಹಾಕುತ್ತೆ.

ಆಗ ಬರುವವನು ವ್ಯಾಪಾರಿ. ನಮ್ಮಲ್ಲಿಗೂ ಬರುತ್ತಿದ್ದ. ಡ್ರಮ್ ಮುಚ್ಚಳ ತೆಗೆದು ನೋಡಿ, ಕೋಲಲ್ಲಿ ಒಮ್ಮೆ ಕಲಕಿ, ‘ಕಿಲೋಗೆ ಇಷ್ಟು’ ಅನ್ನುತ್ತಿದ್ದ. ಟೆಸ್ಟ್ ಇಲ್ಲ, ಕಾಗದ ಇಲ್ಲ. ಸ್ಟೋರಿನವರಿಗೆ ಜಾಗ ಖಾಲಿ ಆದರೆ ಸಾಕು. ಅವನು ಒಯ್ದು ಎಲ್ಲಿ ಸುಡುತ್ತಾನೆ, ಯಾವ ಆಸಿಡ್ ಹಾಕುತ್ತಾನೆ, ಆಸಿಡ್ ಯಾವ ಹಳ್ಳಕ್ಕೆ ಹೋಗುತ್ತೆ, ಕೇಳುವವರು ಯಾರು? ನಿಕ್ಕಲ್ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ನಿಕ್ಕಲ್ ಸಂಯುಕ್ತಗಳು ಮನುಷ್ಯನಿಗೆ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮೊದಲನೇ ಗುಂಪಿಗೇ ಸೇರಿಸಿದೆ.

ಮುಂದೆ ಒಂದು ಕಾರ್ಖಾನೆಯಲ್ಲಿ ಲೋಹವನ್ನು ಸರಿಯಾದ ರಿಫೈನರ್‌ಗೆ ಕಳಿಸುವ ಪದ್ಧತಿ ಇತ್ತು. ನನ್ನನ್ನು ಸ್ಯಾಂಪಲಿಂಗ್‌ಗೆ ಸಾಕ್ಷಿಯಾಗಿ ಕಳಿಸಿದರು. ಎರಡು ದಿನ ಅಲ್ಲೇ ಕೂತಿದ್ದೆ. ಮುಚ್ಚಿದ ಕುಲುಮೆಯಲ್ಲಿ ಇದ್ದಿಲು ಸುಟ್ಟರು. ಉಳಿದ ಬೂದಿಯನ್ನು ಅರೆದು, ಜರಡಿ ಹಿಡಿದು, ಕಲಸಿದರು. ಅದರಲ್ಲಿ ಮೂರು ಸ್ಯಾಂಪಲ್: ಒಂದು ಅವರಿಗೆ, ಒಂದು ನಮಗೆ, ಮೂರನೆಯದು ಸೀಲ್ ಮಾಡಿ ಅಂಪೈರ್‌ಗೆ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಮಾತ್ರ ಮೂರನೆಯದು ಒಡೆಯೋದು. ಕ್ರಿಕೆಟ್ ಪದ ಅಲ್ಲೂ ಇದೆ ನೋಡಿ. ಆಮೇಲೆ ರಾಜೋದಕ ಅನ್ನುವ ಆಸಿಡ್ ಮಿಶ್ರಣದಲ್ಲಿ ಕರಗಿಸಿ, ಹಳದಿ ಲವಣವಾಗಿ ಇಳಿಸಿ, ಕೊನೆಗೆ ಬೂದು ಬಣ್ಣದ ಸ್ಪಂಜಿನಂಥ ಪುಡಿ. ಬೇರೆ ಲಾಟಿನದು ಒಂದಿಷ್ಟು ಡಬ್ಬಿಯಲ್ಲಿ ಹಾಕಿ ನನ್ನ ಅಂಗೈಗೆ ಇಟ್ಟರು. ಚಿಕ್ಕ ಡಬ್ಬಿ, ಕೈ ಕೆಳಗೆ ಜಗ್ಗಿತು.

ನಮ್ಮ ಅಣ್ಣ ಊರಲ್ಲಿ ಎಮ್ಮೆ ಸಾಕಿದ್ದಾನೆ. ದಿನಾ ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕುತ್ತಾನೆ. ಅಲ್ಲಿ ಎರಡೇ ಲೀಟರ್ ತಂದ ಅಜ್ಜಿಯ ಹಾಲಿಗೂ ಮೊದಲು ಟೆಸ್ಟ್. ಫ್ಯಾಟ್ ಎಷ್ಟು ಅಂತ ಚೀಟಿ ಬರುತ್ತೆ. ಆಮೇಲೇ ಆ ಹಾಲು ದೊಡ್ಡ ಕ್ಯಾನಿಗೆ. ನೀರು ಬೆರೆಸಿ ಲೀಟರ್ ಜಾಸ್ತಿ ಮಾಡಿದರೆ ಏನೂ ಗಿಟ್ಟುವುದಿಲ್ಲ, ದುಡ್ಡು ಫ್ಯಾಟಿಗೆ. ಎರಡು ಲೀಟರಿನವರೂ ಅದೇ ಟ್ಯಾಂಕರ್ ಹತ್ತಿ ಡೇರಿ ಮುಟ್ಟುತ್ತಾರೆ. ನಾನು ಕೇಳುತ್ತಿರುವುದು ಇಷ್ಟೇ, ಸ್ವಾಮಿ. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಕ್ಯಾಟಲಿಸ್ಟ್‌ಗೆ ಒಂದು ಸೊಸೈಟಿ.

ಹತ್ತು ಹದಿನೈದು ಘಟಕ ಇರುವ ಕಡೆ ಒಂದು ಸಂಗ್ರಹ ಕೇಂದ್ರ ಮಾಡಿಸಿ. ಕೊಳಾರದಲ್ಲಿ ಮೊದಲು ಮಾಡಿ ನೋಡಿ. ಎಲ್ಲರ ನೀರಿಗೆ ಒಂದು ಸಾಮಾನ್ಯ ಶುದ್ಧೀಕರಣ ಘಟಕ ಅನ್ನುವ ಪದ್ಧತಿ ನಮಗೆ ಹೊಸದಲ್ಲವಲ್ಲ. ಒಂದು ಎಚ್ಚರಿಕೆ: ಒದ್ದೆ ಕೇಕಿನಿಂದ ಸರಿಯಾದ ಸ್ಯಾಂಪಲ್ ತೆಗೆಯುವುದು ಕಷ್ಟ. ಡ್ರಮ್ಮಿನ ಮೇಲಿನದಕ್ಕೂ ತಳದ್ದಕ್ಕೂ ತಾಳೆ ಇರುವುದಿಲ್ಲ. ಅದಕ್ಕೆ ಕೇಂದ್ರದಲ್ಲಿ ಹೊಗೆ ತೊಳೆಯುವ ಸ್ಕ್ರಬ್ಬರ್ ಇರುವ ಒಂದು ಸಣ್ಣ ಮುಚ್ಚಿದ ಕುಲುಮೆ ಬೇಕು. ಒಬ್ಬೊಬ್ಬರ ಲಾಟ್ ಬೇರೆ ಬೇರೆ ಬೂದಿ ಮಾಡಿ, ಸ್ಯಾಂಪಲ್ ತೆಗೆದು, ಚೀಟಿ ಕೊಟ್ಟು, ಆಮೇಲೆ ಒಟ್ಟು ಮಾಡಿ ರಿಫೈನರ್‌ಗೆ ಕಳಿಸಬೇಕು. ಪ್ಲಾಟಿನಂ ಬೇರೆ, ಪಲ್ಲಾಡಿಯಂ ಬೇರೆ. ಒಣಗಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ರೇನಿ ನಿಕ್ಕಲ್ ಕ್ಯಾಟಲಿಸ್ಟ್ ಅಂತೂ ಅದೇ ಕೋಣೆಯಲ್ಲೂ ಬೇಡ. ಇಂಥ ಡ್ರಮ್‌ಗಳನ್ನು ಒಂದೇ ಕಡೆ ಕೂಡಿಡುವುದು ಅಪಾಯ ಅಂತ ನಿಮ್ಮವರು ಹೇಳಬಹುದು. ನಿಜ. ಹತ್ತು ಹದಿನೈದು ಕಡೆ ಮೂಲೆಯಲ್ಲಿ ಒಣಗುತ್ತಾ ಕೂರುವುದು ಅದಕ್ಕಿಂತ ದೊಡ್ಡ ಅಪಾಯ ಅನ್ನುವುದು ನನ್ನ ಅನುಭವ.

ಇನ್ನು ಕಾಗದದ ವಿಷಯ. ಡ್ರಮ್ ಹೊರಗೆ ಹೋಗುವಾಗ ನಾವು ತುಂಬುವ ಫಾರಂ 10ಕ್ಕೆ ಏಳು ಪ್ರತಿ, ಏಳು ಬಣ್ಣ. ಬಿಳಿ, ಹಳದಿ, ಗುಲಾಬಿ ಅಂತ ಕಾಮನಬಿಲ್ಲೇ ಇದೆ. ತೂಕ ಕೇಳುತ್ತೆ, ಗಟ್ಟಿಯೋ ಕೆಸರೋ ಕೇಳುತ್ತೆ. ಒಳಗೆ ಲೋಹ ಎಷ್ಟಿದೆ ಅಂತ ಕೇಳುವುದಿಲ್ಲ. ವರ್ಷದ ಕೊನೆಯ ಫಾರಂ 4ಕ್ಕೂ ಟನ್ ಲೆಕ್ಕವೇ ಬೇಕು. ಕೇಂದ್ರದ ಫಾರಂ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಕನ್ಸೆಂಟ್, ಅಂದರೆ ಕಾರ್ಖಾನೆ ನಡೆಸಲು ಮಂಡಳಿಯ ಒಪ್ಪಿಗೆ, ಕೊಡುವಾಗ ಒಂದು ಷರತ್ತು ಹಾಕಬಹುದು: ಈ ವರ್ಷ ಕ್ಯಾಟಲಿಸ್ಟ್ ರೂಪದಲ್ಲಿ ಎಷ್ಟು ಗ್ರಾಂ ಲೋಹ ಕೊಂಡಿರಿ, ಎಷ್ಟು ಗ್ರಾಂ ಮರಳಿ ಕಳಿಸಿದಿರಿ. ಎರಡೇ ಸಾಲು. ಬಿಲ್ ಇದ್ದೇ ಇರುತ್ತೆ, ಅಸ್ಸೇ ರಿಪೋರ್ಟ್ ಇರಬೇಕು. ವ್ಯತ್ಯಾಸ ದೊಡ್ಡದಿದ್ದರೆ ಅದು ನೀರಿಗೆ ಹೋಗಿದೆ, ಗೂಡಿಗೆ ಹೋಗಿದೆ, ಇಲ್ಲವೇ ವ್ಯಾಪಾರಿಯ ಟೆಂಪೋಗೆ ಹೋಗಿದೆ. ಯಾವುದಾದರೂ ನಿಮಗೆ ಗೊತ್ತಾಗಬೇಕಾದ್ದೇ. ಮಾಲೀಕರು ಇದು ವ್ಯಾಪಾರದ ಗುಟ್ಟು ಅನ್ನುತ್ತಾರೆ. ಮಂಡಳಿ ಗುಟ್ಟಾಗಿಟ್ಟುಕೊಳ್ಳಲಿ, ಪ್ರಕಟ ಮಾಡುವುದು ಬೇಡ.

ಸಂಗ್ರಹದ ಗಡುವು ಇನ್ನೊಂದು ತೊಡಕು. ನಿಯಮದ ಪ್ರಕಾರ ಡ್ರಮ್ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಣ್ಣವರಿಗೆ ಅಷ್ಟರಲ್ಲಿ ಒಂದು ಲಾಟ್ ಕೂಡುವುದಿಲ್ಲ. ವರ್ಷಕ್ಕೆ 10 ಟನ್ ಒಳಗಿನವರಿಗೆ ರಾಜ್ಯ ಮಂಡಳಿ 180 ದಿನದವರೆಗೆ ವಿಸ್ತರಿಸಬಹುದು ಅಂತ ಅದೇ ನಿಯಮ ಹೇಳುತ್ತೆ. ಅಮೂಲ್ಯ ಲೋಹದ ಕ್ಯಾಟಲಿಸ್ಟ್‌ಗೆ ಇದನ್ನು ಒಬ್ಬೊಬ್ಬರೂ ಅರ್ಜಿ ಹಾಕಿ ಓಡಾಡುವ ಬದಲು ಒಂದೇ ಸಾಮಾನ್ಯ ಆದೇಶದಲ್ಲಿ ಕೊಡಿ. ಮರುಬಳಕೆಗೆ ಬೇರೆ ರಾಜ್ಯಕ್ಕೆ ಕಳಿಸುವಾಗ ಎರಡೂ ಮಂಡಳಿಗೆ ಮುಂಚೆ ತಿಳಿಸಿದರೆ ಸಾಕು, ಎನ್‌ಒಸಿ ಬೇಕಿರುವುದು ಹೂಳಲು ಕಳಿಸುವಾಗ. ಇದು ಎಷ್ಟೋ ಕಾರ್ಖಾನೆಯವರಿಗೆ ಗೊತ್ತೇ ಇಲ್ಲ. ಕನ್ನಡದಲ್ಲಿ ಒಂದು ಪುಟದ ಸೂಚನೆ ಅಚ್ಚು ಹಾಕಿಸಿ ಗೇಟಿನಲ್ಲಿ ಅಂಟಿಸಿದರೆ ಅರ್ಧ ಕೆಲಸ ಆದ ಹಾಗೆ.

ದುಡ್ಡಿನ ಬಗ್ಗೆ ಕಾರ್ಯದರ್ಶಿಗಳಿಗೆ ಒಂದು ಮಾತು. 2023ರಲ್ಲಿ ಕೇಂದ್ರ ಸರ್ಕಾರ 30 ಕ್ರಿಟಿಕಲ್ ಖನಿಜಗಳ ಪಟ್ಟಿ ಮಾಡಿತು. ನಿಕ್ಕಲ್, ಕೋಬಾಲ್ಟ್, ಮಾಲಿಬ್ಡಿನಂ, ವೆನೇಡಿಯಂ, ಪ್ಲಾಟಿನಂ ಗುಂಪು, ಎಲ್ಲ ಅದರಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಇವುಗಳ ಮರುಬಳಕೆಗೆ 1,500 ಕೋಟಿ ರೂಪಾಯಿ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರನೇ ಒಂದು ಭಾಗ ಸಣ್ಣವರಿಗೆ, ಹೊಸಬರಿಗೆ ಅಂತ ಎತ್ತಿಟ್ಟಿದ್ದಾರೆ. ಇ-ತ್ಯಾಜ್ಯ, ಬ್ಯಾಟರಿ ಬಿಟ್ಟು ಬೇರೆ ಸ್ಕ್ರ್ಯಾಪ್‌ಗೆ ಉದಾಹರಣೆಯಾಗಿ ಹೇಳಿದ್ದು ಹಳೇ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್. ಕಾರ್ಖಾನೆಯ ಸ್ಪೆಂಟ್ ಕ್ಯಾಟಲಿಸ್ಟ್ ಕೂಡ ಅದರಲ್ಲಿ ಬರುತ್ತೆ ಅಂತ ದೆಹಲಿಯಿಂದ ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ. ಬೀದರ್‌ನ ಕೇಂದ್ರಕ್ಕೆ ಅದೇ ಮೊದಲ ಇಟ್ಟಿಗೆ.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹನುಮಲಾಪುರ ನಿಮಗೆ ಗೊತ್ತಿರಬಹುದು. ಅಲ್ಲಿ ಬಂಡೆಯಲ್ಲಿ ಪ್ಲಾಟಿನಂ ಗುಂಪಿನ ಲೋಹ ಇದೆ ಅಂತ ಭೂವಿಜ್ಞಾನಿಗಳು ಕೊರೆದು ನೋಡಿದರು. ಗಣಿ ಬ್ಯೂರೋದ ವಾರ್ಷಿಕ ಪುಸ್ತಕಗಳಲ್ಲಿ ಸುಮಾರು 1.5 ಟನ್ ಲೋಹ ಅಂತ ದಾಖಲಾಗಿದೆ. ಇಂಥ ಲೋಹಕ್ಕೆ ಹೆಸರಾದ ದಕ್ಷಿಣ ಆಫ್ರಿಕಾದ ಗಣಿಗಳಲ್ಲೇ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ನಾನು ಮೊದಲು ತೋರಿಸಿದ ಡ್ರಮ್ಮಿನಲ್ಲಿ ನಲವತ್ತು ಕೆಜಿಗೆ ಅರ್ಧ ಕೆಜಿ. ಚನ್ನಗಿರಿಯ ಬಂಡೆ ಒಡೆಯುವುದೋ ಬಿಡುವುದೋ ಅದು ಅಲ್ಲಿನ ರೈತರು, ಸರ್ಕಾರ ಕೂತು ಮಾತಾಡುವ ಬೇರೆಯೇ ವಿಷಯ. ಈ ಡ್ರಮ್‌ಗೆ ಅಷ್ಟೆಲ್ಲ ಬೇಡ. ಮುಚ್ಚಳ ತೆಗೆದರೆ ಸಾಕು.

ಕೊಳಾರದಲ್ಲಿ ಪ್ರಯೋಗ ಶುರು ಮಾಡುವುದಾದರೆ ಮೊದಲ ಆರು ತಿಂಗಳು ಸ್ಯಾಂಪಲಿಂಗ್ ನೋಡಿಕೊಳ್ಳಲು ನಾನು ಬರುತ್ತೇನೆ. ಸಂಬಳ ಬೇಡ, ಬಸ್ ಚಾರ್ಜ್ ಕೊಟ್ಟರೆ ಆಯ್ತು.

ಇಂತಿ,
ಬೀದರ್‌ನ ಒಬ್ಬ ನಿವೃತ್ತ ಪ್ರೊಡಕ್ಷನ್ ಕೆಮಿಸ್ಟ್

ಮರೆತಿದ್ದೆ: ಫಿಲ್ಟರ್ ಬಟ್ಟೆ, ಗ್ಲೌಸ್, ನೆಲ ಒರೆಸಿದ ಚಿಂದಿ, ಇವನ್ನೂ ಬೇರೆ ಡ್ರಮ್ಮಿನಲ್ಲಿ ನೀರು ಹಾಕಿ ಇಡಿಸಿ. ಕಪ್ಪಗಿದ್ದಷ್ಟೂ ಲೋಹ ಇದೆ ಅಂತಲೇ ಲೆಕ್ಕ. ನಾವು ಅವನ್ನು ಚಳಿಗಾಲದಲ್ಲಿ ಸೆಕ್ಯುರಿಟಿಯವರಿಗೆ ಬೆಂಕಿ ಕಾಯಿಸಿಕೊಳ್ಳಲು ಕೊಡುತ್ತಿದ್ದೆವು.